ಕಾಂಡ್ಲಾ ಸತ್ತಿಲ್ಲ, ಹುಳು ತಿಂದಿದೆ

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬೈಯ ಮುಲುಂಡ್, ನವಿ ಮುಂಬೈಯ ಐರೋಲಿ ಕಡೆಯ ನಮ್ಮ ಕನ್ನಡದವರಿಂದ ನನಗೆ ಫೋನ್ ಬರುತ್ತದೆ. "ಸರ್, ಖಾಡಿ ಪಕ್ಕದ ಕಾಂಡ್ಲಾ ಎಲ್ಲಾ ಕಂದು ತಿರುಗಿದೆ, ಯಾರೋ ವಿಷ ಹಾಕಿರಬೇಕು." ಖಾಡಿ ಅಂದರೆ ಸಮುದ್ರದ ನೀರು ಒಳಬರುವ ತೊರೆ, ಕಾಂಡ್ಲಾ ಅಂದರೆ ಅದರ ದಂಡೆಯ ಮ್ಯಾಂಗ್ರೋವ್ ಮರ. ಅನುಮಾನ ಬರುವುದು ಸಹಜ. ಆದರೆ ಈ ಕಾಲದಲ್ಲಿ ನಾನು ಮೊದಲು ಹುಡುಕುವುದು ಒಂದು ಪುಟ್ಟ ಪತಂಗವನ್ನು.

ಅದರ ಹೆಸರು ಹೈಬ್ಲಿಯಾ ಪ್ಯೂರಾ. ರೆಕ್ಕೆ ಬಿಚ್ಚಿದರೆ 3ರಿಂದ 4 ಸೆಂಟಿಮೀಟರ್, ಅಷ್ಟೇ. ಕೂತಾಗ ಒಣ ಎಲೆಯ ಹಾಗೆ ಕಾಣುತ್ತದೆ, ಹಾರಿದಾಗ ಮಾತ್ರ ಒಳಗಿನ ರೆಕ್ಕೆಯ ಕಪ್ಪು ಮತ್ತು ಕಿತ್ತಳೆ ಬಣ್ಣ ಹೊಳೆಯುತ್ತದೆ. ಊರಲ್ಲಿ ಸಾಗವಾನಿ ಬೆಳೆದವರಿಗೆ ಇದು ಹೊಸದಲ್ಲ, ಅಲ್ಲಿ ಎಲೆ ಬೋಳಿಸುವುದೂ ಇದೇ. ನಿಲಂಬೂರಿನ ಎಳೆಯ ಸಾಗವಾನಿ ತೋಟದಲ್ಲಿ ಕೇರಳದ ಅರಣ್ಯ ವಿಜ್ಞಾನಿಗಳು ಅಳೆದು ನೋಡಿದಾಗ, ಈ ಹುಳುವಿನಿಂದ ಮರದ ಬೆಳವಣಿಗೆಯಲ್ಲಿ 44% ನಷ್ಟ ಕಂಡಿತ್ತು.

ಮುಂಬೈಯಲ್ಲಿ ಇದಕ್ಕೆ ಸಿಕ್ಕಿರುವುದು ಮರಾಠಿಯವರು ತಿವರ ಎನ್ನುವ ಕಾಂಡ್ಲಾ. ನಮ್ಮ ಖಾಡಿಗಳಲ್ಲಿ ಜಾಸ್ತಿ ಇರುವುದೇ ಅದು. ಎಲೆ ನೆಕ್ಕಿ ನೋಡಿ, ಉಪ್ಪು! ಬೇರಿನಿಂದ ಬಂದ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಹಾಕುತ್ತದೆ, ಅಂಥ ಎಲೆಯನ್ನೂ ಈ ಹುಳು ಬಿಡುವುದಿಲ್ಲ. ಪತಂಗ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ, ಮರಿ ಎಲೆಯ ಅಂಚನ್ನು ಮಡಚಿ ನೂಲಿನಿಂದ ಹೊಲಿದುಕೊಂಡು ಒಳಗೆ ಕೂತು ಮೇಯುತ್ತದೆ, ಮೂರು ನಾಲ್ಕು ವಾರದಲ್ಲಿ ಮತ್ತೆ ಪತಂಗವಾಗುತ್ತದೆ. ಕಂಬಳಿಹುಳುವಿನ ಹಾಗೆ ಮೈತುಂಬ ಕೂದಲಿಲ್ಲ, ಮಕ್ಕಳು ಮುಟ್ಟಿದರೂ ತುರಿಕೆಯಾಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ, "ಔಷಧಿ ಹೊಡೆಸೋಣವಾ?" ದಯವಿಟ್ಟು ಬೇಡ. ಸಾಗವಾನಿ ಬೆಳೆದವರಿಗೆ ದಿಮ್ಮಿ ಬೇಕು, ಬೆಳವಣಿಗೆ ನಿಂತರೆ ದುಡ್ಡು ಹೋಗುತ್ತದೆ. ಕಾಂಡ್ಲಾ ದಿಮ್ಮಿಗೆ ಬೆಳೆದದ್ದಲ್ಲ, ಅದು ಕೆಲವೇ ವಾರಗಳಲ್ಲಿ ತಾನೇ ಚಿಗುರುತ್ತದೆ. ಹೊಡೆದ ಔಷಧಿ ಭರತದ, ಅಂದರೆ ಸಮುದ್ರದ ಉಬ್ಬರದ, ನೀರಿಗೆ ಸೇರುತ್ತದೆ. ಹುಳು ಕೊಲ್ಲುವ ಔಷಧಿ ಏಡಿ, ಸಿಗಡಿಯನ್ನೂ ಕೊಲ್ಲುತ್ತದೆ, ಖಾಡಿಯಲ್ಲೇ ಬದುಕು ಕಟ್ಟಿಕೊಂಡ ಕೋಳಿ ಸಮುದಾಯದ ಮೀನುಗಾರರ ಗತಿ ಏನು ಹೇಳಿ? ಹುಳು ಬಿದ್ದ ದಿನಗಳಲ್ಲಿ ಸುಮ್ನೆ ದಂಡೆಯಲ್ಲಿ ನಿಂತು ನೋಡಿ, ಮೈನಾ, ಕಾಗೆಗಳಿಗೆ ಪುರುಸೊತ್ತೇ ಇರುವುದಿಲ್ಲ.

ವಿಷವೋ ಹುಳುವೋ ತಿಳಿಯಬೇಕಾದರೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದು, ಎಲೆ ಮಡಚಿ ತೂತಾಗಿದ್ದು, ಕೆಳಗೆ ಹಿಕ್ಕೆ ಬಿದ್ದಿದ್ದರೆ ಹುಳು. ಎಲೆಗೆ ಕಚ್ಚಿದ ಗುರುತೇ ಇಲ್ಲದೆ ಕೊಂಬೆ ಒಳಗಿನವರೆಗೆ ಒಣಗಿದ್ದರೆ, ಭರತದ ನೀರು ಬರುವ ದಾರಿಗೆ ಯಾರಾದರೂ ಮಣ್ಣು, ಕಟ್ಟಡದ ಕಸ ಸುರಿದಿದ್ದಾರಾ ನೋಡಿ. ಸುರಿದಿದ್ದರೆ ಫೋಟೋ ತೆಗೆದು ಅದೇ ದಿನ ಅರಣ್ಯ ಇಲಾಖೆಗೆ ದೂರು ಕೊಡಿ.