ಚಿಪ್ ಇದೆ, ಡ್ರೈವರ್ ಇದೆ, ಸೆನ್ಸರ್ ಮಾತ್ರ ಸುಮ್ಮನಿದೆ: ಡಿವೈಸ್ ಟ್ರೀ ದಾಖಲೆಗಳ ಹಿನ್ನೆಲೆ

ಬೋರ್ಡ್ ಬೂಟ್ ಆಗುತ್ತದೆ, ತಾಪಮಾನದ ಸೆನ್ಸರ್ ಸರಿಯಾದ ಅಂಕಿಯನ್ನೇ ಕೊಡುತ್ತದೆ. ಅರ್ಧ ನಿಮಿಷ ಕಳೆಯುತ್ತಿದ್ದಂತೆ ಅದು ಸುಮ್ಮನಾಗುತ್ತದೆ, ಓದಲು ಹೋದರೆ ಐ2ಸಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಗಳ ಸಂಪರ್ಕ) ದೋಷ. ಮತ್ತೆ ಬೂಟ್ ಮಾಡಿದರೆ ಮತ್ತೆ ಅರ್ಧ ನಿಮಿಷದ ಆಯುಷ್ಯ. ಇಂಥದ್ದನ್ನು ಕಂಡವರು ಮೊದಲು ಬೆಸುಗೆಯನ್ನೋ ಚಿಪ್ಪನ್ನೋ ಅನುಮಾನಿಸುತ್ತಾರೆ. ತಪ್ಪು ಎಷ್ಟೋ ಸಲ ಒಂದೇ ಪದದಲ್ಲಿ ಅಡಗಿರುತ್ತದೆ.

ಎಲ್‌ಎಂ75 ಎಂಬ ಹಳೆಯ, ಎಲ್ಲೆಡೆ ಸಿಗುವ ಸೆನ್ಸರನ್ನೇ ತೆಗೆದುಕೊಳ್ಳೋಣ. ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಬೋರ್ಡಿನ ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡಿನಲ್ಲಿ ಏನೇನು ಎಲ್ಲಿದೆ ಎಂದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಹೇಳುವ ಕಡತದಲ್ಲಿ, 'ವಿಎಸ್-ಸಪ್ಲೈ' ಎಂಬ ಹೆಸರಿನಲ್ಲಿ ಹೇಳಬೇಕು. ಬರೆಯುವವರು ಬೇರೆ ಚಿಪ್‌ಗಳ ರೂಢಿಯಂತೆ 'ವಿಸಿಸಿ-ಸಪ್ಲೈ' ಎಂದು ಬರೆದುಬಿಟ್ಟರು ಅನ್ನಿ. ವಿದ್ಯುತ್ ಪೂರೈಕೆ ನೋಡಿಕೊಳ್ಳುವ ಲಿನಕ್ಸ್‌ನ ರೆಗ್ಯುಲೇಟರ್ ವ್ಯವಸ್ಥೆ 'ವಿಎಸ್' ಹುಡುಕುತ್ತದೆ, ಸಿಗುವುದಿಲ್ಲ. ಡ್ರೈವರ್ ಕೈಗೆ ಒಂದು ಡಮ್ಮಿ (ಹೆಸರಿಗಷ್ಟೇ ಇರುವ) ರೆಗ್ಯುಲೇಟರ್ ಕೊಟ್ಟು, ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತದೆ. ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ ಆ ವಿದ್ಯುತ್ ದಾರಿಯನ್ನು ಮೊದಲೇ ತೆರೆದಿಟ್ಟಿದ್ದರಿಂದ ಸೆನ್ಸರ್ ಓದುತ್ತದೆ. ಬೂಟ್ ಆದ ಸುಮಾರು 30 ಸೆಕೆಂಡಿಗೆ ಕರ್ನಲ್, ಯಾರೂ ತಮ್ಮದೆಂದು ಹೇಳಿಕೊಳ್ಳದ ರೆಗ್ಯುಲೇಟರ್‌ಗಳನ್ನು ಆರಿಸುತ್ತದೆ. ಸೆನ್ಸರ್ ಅದರ ಜೊತೆಗೇ ಆರುತ್ತದೆ.

ಆ ಹೆಸರು 'ವಿಎಸ್' ಎಂದೇ ಇರಬೇಕೆಂದು ಎಲ್ಲಿ ಬರೆದಿದೆ, ಬರೆದದ್ದನ್ನು ಯಾರು ಓದಿ ಪರೀಕ್ಷಿಸುತ್ತಾರೆ? ಇವತ್ತಿನ ಗೋಜಲೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಅದನ್ನು ಬಿಡಿಸಲು ತುಸು ಹಿಂದಕ್ಕೆ ಹೋಗಬೇಕು.

1971ರ ನವೆಂಬರಿನ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ಸಾಧನಗಳಿಗೆಂದು ನಾಲ್ಕನೆಯ ವಿಭಾಗ ಮೀಸಲಿತ್ತು. ಯುನಿಕ್ಸ್‌ನಿಂದ ಹುಟ್ಟಿದ ಬಿಎಸ್‌ಡಿ ಕುಟುಂಬ ಆ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ: ಡ್ರೈವರ್ ಬಂದರೆ ಅದರ ಕೈಪಿಡಿ ಪುಟವೂ ಬರಬೇಕು, ಕರ್ನಲ್ ಕಾನ್ಫಿಗರೇಷನ್‌ನಲ್ಲಿ ಬರೆಯಬೇಕಾದ ಸಾಲು ಆ ಪುಟದ ತಲೆಯಲ್ಲೇ ಇರಬೇಕು. ಫ್ರೀಬಿಎಸ್‌ಡಿಯಲ್ಲಂತೂ ಪುಟದ 'ಹಾರ್ಡ್‌ವೇರ್' ವಿಭಾಗಗಳನ್ನು ಒಟ್ಟುಗೂಡಿಸಿಯೇ ಪ್ರತಿ ಬಿಡುಗಡೆಯ ಹಾರ್ಡ್‌ವೇರ್ ಪಟ್ಟಿ ತಯಾರಾಗುತ್ತದೆ. ಪುಟ ಬರೆಯದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. ಬರೆಯುವವರಿಗೆ ಇಷ್ಟು ನೇರವಾದ ಕಾರಣ ಬೇರೆಲ್ಲೂ ಅಷ್ಟಾಗಿ ಸಿಗದು.

1991ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲಿ ಇಂಥ ಕಟ್ಟುಪಾಡು ಬೆಳೆಯಲಿಲ್ಲ. ಮೊದಲ ದಶಕದಲ್ಲಿ ಐಎಸ್‌ಎ ಕಾರ್ಡಿನ ಜಂಪರ್ ನೋಡಿ, ಪೋರ್ಟ್ ಹೆಕ್ಸ್ (ಹದಿನಾರರ ಮೂಲದ ಅಂಕಿ) 220, ಐಆರ್‌ಕ್ಯೂ 5, ಡಿಎಂಎ 1 ಎಂದು ಮಾಡ್ಯೂಲ್‌ಗೆ ಕೈಯಾರೆ ಹೇಳಬೇಕಿತ್ತು. ಕಾನ್ಫಿಗರೇಷನ್ ಆಯ್ಕೆಗಳ ವಿವರಣೆಯೆಲ್ಲ 'ಕಾನ್ಫಿಗರ್.ಹೆಲ್ಪ್' ಎಂಬ ಒಂದೇ ದೊಡ್ಡ ಕಡತದಲ್ಲಿತ್ತು. ಡ್ರೈವರ್ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದದ್ದರಿಂದ ಒಂದು ಬದಲಾದಾಗ ಇನ್ನೊಂದು ಹಳತಾಗಿ ಉಳಿಯುತ್ತಿತ್ತು. 2002ರಲ್ಲಿ 2.5.45ರ ಜೊತೆ ಕೆಕಾನ್ಫಿಗ್ ಬಂದ ಮೇಲೆ ವಿವರಣೆ ಆಯ್ಕೆಯ ಪಕ್ಕದಲ್ಲೇ ಬಂದು ಕೂತಿತು. ಅಷ್ಟರಿಂದಲೇ ದೊಡ್ಡ ಉಪಕಾರವಾಯಿತು.

ಪಿಸಿಗಳ ಮಟ್ಟಿಗೆ ಹಾರ್ಡ್‌ವೇರ್ ತಾನೇ ಮಾತಾಡಲು ಕಲಿತಿತ್ತು. ಪಿಸಿಐ ಕಾರ್ಡ್ ತನ್ನ ತಯಾರಕ ಸಂಖ್ಯೆ, ಸಾಧನ ಸಂಖ್ಯೆಗಳನ್ನು ಕೇಳಿದರೆ ಹೇಳುತ್ತದೆ, ಉಳಿದದ್ದನ್ನು ಫರ್ಮ್‌ವೇರ್‌ನ ಎಸಿಪಿಐ ಕೋಷ್ಟಕಗಳು ಹೇಳುತ್ತವೆ. ಐ2ಸಿ ತಂತಿಯ ಮೇಲಿನ ಸೆನ್ಸರಿಗೆ ಆ ಬಾಯಿಲ್ಲ. ವಿಳಾಸಕ್ಕೆ ಸದ್ದು ಕೊಟ್ಟರೆ 'ಇದ್ದೇನೆ' ಎನ್ನುತ್ತದೆ, 'ನಾನು ಯಾರು' ಎನ್ನುವುದಿಲ್ಲ. ಎಆರ್‌ಎಂ ಬೋರ್ಡ್‌ಗಳ ತುಂಬ ಇಂಥ ಮೂಕ ಸಾಧನಗಳೇ. ಆದ್ದರಿಂದ ಪ್ರತಿ ಬೋರ್ಡಿಗೂ ಒಂದು ಸಿ ಕಡತ ಬರೆದು, ಯಾವ ವಿಳಾಸದಲ್ಲಿ ಯಾವ ಚಿಪ್ ಇದೆ ಎಂದು ಕೋಡ್‌ನಲ್ಲೇ ಕೆತ್ತುತ್ತಿದ್ದರು. ಒಂದು ಬೋರ್ಡ್‌ನಲ್ಲಿ ಪಿನ್ ಬದಲಾದರೆ ಕರ್ನಲ್ಲೇ ಬೇರೆ. 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಈ ಕಡತಗಳ ರಾಶಿಯ ವಿಷಯದಲ್ಲಿ ಬಹಿರಂಗವಾಗಿಯೇ ಸಿಟ್ಟಾದರು.

ಪರಿಹಾರ ಹೊಸದಾಗಿರಲಿಲ್ಲ. 1994ರ ಐಇಇಇ 1275 ಮಾನದಂಡ, ಅಂದರೆ ಓಪನ್ ಫರ್ಮ್‌ವೇರ್, ಹಾರ್ಡ್‌ವೇರನ್ನು ಮರದ ರೂಪದಲ್ಲಿ ವಿವರಿಸುವುದನ್ನು ಆಗಲೇ ಕಲಿಸಿತ್ತು. 2005ರ ಹೊತ್ತಿಗೆ ಪವರ್‌ಪಿಸಿ ಲಿನಕ್ಸ್ ಆ ಮರವನ್ನು ಚಪ್ಪಟೆ ಮಾಡಿ ಒಂದು ಬೈನರಿ ಕಡತವಾಗಿ ಬೂಟ್‌ಲೋಡರ್ ಕೈಯಿಂದ ಪಡೆಯತೊಡಗಿತ್ತು. ಎಆರ್‌ಎಂ ಅದನ್ನೇ ಎತ್ತಿಕೊಂಡಿತು.

ಈಗ ಬೋರ್ಡಿನ ವಿವರ ಕರ್ನಲ್ ಕೋಡ್‌ನಿಂದ ಹೊರಗೆ ಬಂತು. ಸಿ ಕಡತದಲ್ಲಿದ್ದಾಗ ಹೆಸರು ತಪ್ಪಿದರೆ ಎಷ್ಟೋ ಸಲ ಕಂಪೈಲರ್ ಬಾಯಿ ಮಾಡುತ್ತಿತ್ತು. ಡಿವೈಸ್ ಟ್ರೀಯ ಕಂಪೈಲರಿಗೆ ವ್ಯಾಕರಣ ಗೊತ್ತು, ಅರ್ಥ ಗೊತ್ತಿಲ್ಲ. 'ವಿಸಿಸಿ-ಸಪ್ಲೈ' ಅದರ ಮಟ್ಟಿಗೆ ಸಾಧುವಾದ ಪದ. ಯಾವ ಚಿಪ್‌ಗೆ ಯಾವ ಪದ ಎಂಬ ಒಪ್ಪಂದಕ್ಕೆ 'ಬೈಂಡಿಂಗ್' ಎಂದು ಹೆಸರಿಟ್ಟು, ಅದನ್ನು ಕರ್ನಲ್‌ನ ಡಾಕ್ಯುಮೆಂಟೇಷನ್ ಫೋಲ್ಡರ್‌ನಲ್ಲಿ ಸಾದಾ ಪಠ್ಯ ಕಡತಗಳಾಗಿ ಬರೆದಿಟ್ಟರು.

ಆ ಕಡತಗಳ ರೂಪ ಎಲ್ಲರಿಗೂ ಪರಿಚಿತ: ಮೇಲೆ ಚಿಪ್ ಹೆಸರು, ಕಡ್ಡಾಯ ಪ್ರಾಪರ್ಟಿಗಳು (ಸಾಧನದ ಒಂದೊಂದು ವಿವರ ಹೇಳುವ ಸಾಲುಗಳು), ಐಚ್ಛಿಕ ಪ್ರಾಪರ್ಟಿಗಳು, ಕೊನೆಗೆ ಒಂದು ಉದಾಹರಣೆ. ಬರೆದವರಲ್ಲಿ ಹೆಚ್ಚಿನವರು ಡ್ರೈವರ್ ಬರೆದವರೇ. ಡ್ರೈವರ್ ಏನು ಓದುತ್ತದೋ ಅದಷ್ಟೇ ಕಡತದಲ್ಲಿರುತ್ತಿತ್ತು. ಒಬ್ಬರು ಕಾಲಾವಧಿಯನ್ನು ಮಿಲಿಸೆಕೆಂಡಿನಲ್ಲಿ ಬರೆದರೆ ಇನ್ನೊಬ್ಬರು ಏಕಮಾನವನ್ನೇ ಬರೆಯುತ್ತಿರಲಿಲ್ಲ. ಉದಾಹರಣೆಯನ್ನು ಯಾರೂ ಕಂಪೈಲ್ ಮಾಡುತ್ತಿರಲಿಲ್ಲವಾದ್ದರಿಂದ ಅಲ್ಪವಿರಾಮದ ತಪ್ಪು ವರ್ಷಗಟ್ಟಲೆ ಉಳಿಯುತ್ತಿತ್ತು. ಅದನ್ನೇ ನಕಲು ಮಾಡಿದ ಹೊಸ ಬೋರ್ಡ್‌ಗಳಿಗೂ ತಪ್ಪು ದಾಟುತ್ತಿತ್ತು.

ಇದರ ಮೇಲೆ ಇನ್ನೊಂದು ಭಾರ ಬಿತ್ತು. ಬೈಂಡಿಂಗ್ ಹಾರ್ಡ್‌ವೇರನ್ನು ವಿವರಿಸಬೇಕು, ಲಿನಕ್ಸ್‌ನ ಡ್ರೈವರನ್ನಲ್ಲ. ಅದೇ ಮರವನ್ನು ಬೂಟ್‌ಲೋಡರ್ ಓದುತ್ತದೆ, ಬೇರೆ ಕರ್ನಲ್‌ಗಳೂ ಓದುತ್ತವೆ. ಹಳೆಯ ಡಿಟಿಬಿ (ಆ ಮರದ ಬೈನರಿ ಕಡತ) ಹೊಸ ಕರ್ನಲ್‌ನಲ್ಲೂ ನಡೆಯಬೇಕು ಎಂಬ ಎಬಿಐ (ಬೈನರಿ ಹೊಂದಾಣಿಕೆಯ) ಮಾತು ಕೊಟ್ಟದ್ದೂ ಆಯಿತು. 2013ರ ಸುಮಾರಿಗೆ ಈ ಮಾತನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಜೋರು ಚರ್ಚೆ ನಡೆಯಿತು. ಎರಡೂ ಕಡೆಯವರ ವಾದದಲ್ಲಿ ಹುರುಳಿತ್ತು. ಫ್ಲ್ಯಾಶ್‌ನಲ್ಲಿ ಒಮ್ಮೆ ಬರೆದ ಮರವನ್ನು ಬದಲಿಸಲು ಬಳಕೆದಾರರಿಗೆ ಆಗದು, ನಿಜ. ಆತುರದಲ್ಲಿ ಇಟ್ಟ ಕೆಟ್ಟ ಹೆಸರನ್ನು ಶಾಶ್ವತವಾಗಿ ಹೊರಬೇಕೇ ಎಂಬ ಪ್ರಶ್ನೆಯೂ ನಿಜ. ಶಾಶ್ವತವಾಗಿ ಉಳಿಯಬೇಕಾದ ಒಪ್ಪಂದಕ್ಕೆ ಕಾವಲು ಮಾತ್ರ ಯಾರೂ ಪರೀಕ್ಷಿಸದ ಒಂದು ಪಠ್ಯ ಕಡತ. ಅಲ್ಲೇ ಎಲ್ಲ ಸಡಿಲವಾಗಿತ್ತು.

2018ರಲ್ಲಿ ಕರ್ನಲ್‌ನ ಡಿವೈಸ್ ಟ್ರೀ ಮೇಂಟೇನರ್ ರಾಬ್ ಹೆರಿಂಗ್ ಮುಂದಿಟ್ಟ ಕೆಲಸ ಇದಕ್ಕೆ ಕೊಟ್ಟ ಉತ್ತರ: ಬೈಂಡಿಂಗನ್ನು ಯಾಮಲ್ ಎಂಬ ಪಠ್ಯ ರೂಪದ ಕಡತವಾಗಿ, ಜೇಸನ್ ಸ್ಕೀಮಾದ (ದತ್ತಾಂಶದ ರೂಪ ಹೀಗಿರಬೇಕೆಂದು ಹೇಳುವ ಭಾಷೆಯ) ನಿಯಮದಲ್ಲಿ ಬರೆಯುವುದು. ಮನುಷ್ಯ ಓದುವ ದಾಖಲೆಯೇ ಯಂತ್ರ ಓದುವ ನಿಯಮವೂ ಆಯಿತು. ಇಂದು ಹೊಸ ಸಾಧನ ಸೇರಿಸುವ ದಾರಿ ಹೀಗಿದೆ. ಮೊದಲು ಬೈಂಡಿಂಗ್‌ನ ಪ್ಯಾಚ್ (ಕರ್ನಲ್‌ಗೆ ಕಳಿಸುವ ಬದಲಾವಣೆ), ಪ್ರತ್ಯೇಕವಾಗಿ, ಡ್ರೈವರಿಗಿಂತ ಮುಂಚೆ. ತಯಾರಕರ ಹೆಸರು ಹೊಸದಾದರೆ ಅದರ ಪೂರ್ವಪ್ರತ್ಯಯವನ್ನು ತಯಾರಕರ ಪಟ್ಟಿಯ ಸ್ಕೀಮಾದಲ್ಲಿ ನೋಂದಾಯಿಸಬೇಕು. ಕಡತದಲ್ಲಿ ಶೀರ್ಷಿಕೆ, ಮೇಂಟೇನರ್ ಹೆಸರು, ಪ್ರಾಪರ್ಟಿಗಳು, ಕಡ್ಡಾಯವಾದವುಗಳ ಪಟ್ಟಿ, ಉದಾಹರಣೆ ಇರಬೇಕು. ಇಂಡೆಂಟ್‌ಗೆ ಎರಡು ಸ್ಪೇಸ್. ಟ್ಯಾಬ್ ಹಾಕಿದರೆ ಯಾಮಲ್ ಒಪ್ಪುವುದಿಲ್ಲ. 'ಡಿಟಿಸ್ಕೀಮಾ' ಪೈಥಾನ್ ಪ್ಯಾಕೇಜ್ ಹಾಕಿಕೊಂಡು 'ಮೇಕ್ ಡಿಟಿ_ಬೈಂಡಿಂಗ್_ಚೆಕ್' ಓಡಿಸಿದರೆ ಸ್ಕೀಮಾ ಸರಿಯಿದೆಯೇ ಎಂಬುದರ ಜೊತೆ ಉದಾಹರಣೆಯನ್ನೂ ಕಂಪೈಲ್ ಮಾಡಿ ನೋಡುತ್ತದೆ. 'ಮೇಕ್ ಡಿಟಿಬಿಎಸ್_ಚೆಕ್' ನಿಜವಾದ ಬೋರ್ಡ್ ಕಡತಗಳನ್ನು ಆ ನಿಯಮಕ್ಕೆ ಒರೆ ಹಚ್ಚುತ್ತದೆ. 'ಡಿಟಿ_ಸ್ಕೀಮಾ_ಫೈಲ್ಸ್' ಎಂಬ ವೇರಿಯಬಲ್‌ನಲ್ಲಿ ಕಡತದ ಹೆಸರು ಕೊಟ್ಟರೆ ಅಷ್ಟನ್ನೇ ನೋಡುತ್ತದೆ, ಸಮಯ ಬಹಳ ಉಳಿಯುತ್ತದೆ.

ಹೊಸಬರು ಎಡವುವ ಜಾಗಗಳು ಎರಡು. ಐ2ಸಿ ಸಾಧನದ ಉದಾಹರಣೆಯನ್ನು ಐ2ಸಿ ನೋಡ್ ಒಳಗೆ ಇಟ್ಟು, ವಿಳಾಸಕ್ಕೆ ಒಂದು ಸೆಲ್ (32 ಬಿಟ್‌ನ ಅಂಕಿ), ಗಾತ್ರಕ್ಕೆ ಸೊನ್ನೆ ಎಂದು ಬರೆಯಬೇಕು. ಬರೆಯದಿದ್ದರೆ ವಿಳಾಸ ಹೇಳುವ 'ರೆಗ್' ಸಾಲಿನ ಉದ್ದ ತಪ್ಪೆಂದು ದೂರು ಬರುತ್ತದೆ, ದೂರಿನ ಮಾತು ಓದಿದರೆ ಕಾರಣ ತಿಳಿಯುವುದಿಲ್ಲ. ಎರಡನೆಯದು, ಕಡತದಲ್ಲಿ ಹೇಳದ ಪ್ರಾಪರ್ಟಿಗಳಿಗೆ ಬಾಗಿಲು ಮುಚ್ಚುವ ಸಾಲು. ಕಡತ ಸ್ವತಂತ್ರವಾಗಿದ್ದರೆ 'ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್' ಸಾಕು. ಸಾಮಾನ್ಯ ಸ್ಕೀಮಾ ಒಂದನ್ನು ಉಲ್ಲೇಖಿಸಿ ಅದರ ಪ್ರಾಪರ್ಟಿಗಳನ್ನು ಎರವಲು ತಂದಿದ್ದರೆ 'ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್: ಫಾಲ್ಸ್' ಬೇಕು, ಇಲ್ಲದಿದ್ದರೆ ಎರವಲು ತಂದವೆಲ್ಲ ತಪ್ಪಾಗಿ ಕಾಣುತ್ತವೆ. ದೂರು ತಪ್ಪಿಸಲು ಈ ಸಾಲನ್ನು 'ಟ್ರೂ' ಮಾಡಿಬಿಡುವವರಿದ್ದಾರೆ. ಹಾಗೆ ಮಾಡಿದ ಮೇಲೆ 'ವಿಸಿಸಿ-ಸಪ್ಲೈ' ಮತ್ತೆ ಸದ್ದಿಲ್ಲದೆ ಒಳಗೆ ಬರುತ್ತದೆ, ಸ್ಕೀಮಾ ಇದ್ದೂ ಇಲ್ಲದಂತೆ.

ಹೊಸ ಚಿಪ್‌ಗೆ ಸ್ಕೀಮಾ ಬರೆಯುವುದು ಸುಲಭದ ಭಾಗ. ಹಳೆಯ ಪಠ್ಯ ಕಡತಗಳ ಪರಿವರ್ತನೆಯಲ್ಲಿ ಸಿಕ್ಕು ಜಾಸ್ತಿ, ಅದು ಇನ್ನೂ ಮುಗಿದಿಲ್ಲ. ಪಠ್ಯ ಕಡತ ಒಂದು ಗಡಿಯಾರ (ಚಿಪ್ಪನ್ನು ನಡೆಸುವ ಕ್ಲಾಕ್ ಸಂಕೇತ) ಕಡ್ಡಾಯ ಎನ್ನುತ್ತದೆ. ಬೋರ್ಡ್ ಕಡತಗಳಲ್ಲಿ ಅರ್ಧದಷ್ಟು ಅದನ್ನು ಬರೆದೇ ಇರುವುದಿಲ್ಲ. ಡ್ರೈವರ್ ತೆರೆದರೆ ಎರಡು ಗಡಿಯಾರ ಕೇಳುತ್ತದೆ, ಸಿಗದಿದ್ದರೂ ನಡೆದುಕೊಳ್ಳುತ್ತದೆ. ಮೂರರಲ್ಲಿ ಸತ್ಯ ಯಾವುದು? ಹೊರಗೆ ಹೋಗಿರುವ ಬೋರ್ಡ್‌ಗಳನ್ನು ಕೆಡಿಸುವಂತಿಲ್ಲವಾದ್ದರಿಂದ ಸ್ಕೀಮಾವೇ ಬಗ್ಗಬೇಕಾಗುತ್ತದೆ: ಹಳೆಯ ಹೆಸರಿಗೆ 'ಡೆಪ್ರಿಕೇಟೆಡ್' ಗುರುತು, ಗಡಿಯಾರಕ್ಕೆ ಒಂದರಿಂದ ಎರಡು ಎಂಬ ಮಿತಿ. ಪರಿವರ್ತಿಸುವವರ ಕೈಯಲ್ಲಿ ಆ ಬೋರ್ಡ್ ಇರುವುದಿಲ್ಲ, ಚಿಪ್‌ನ ಡೇಟಾಶೀಟೂ ಎಷ್ಟೋ ಸಲ ಸಾರ್ವಜನಿಕವಾಗಿರುವುದಿಲ್ಲ. ಇಷ್ಟಾಗಿಯೂ ಇದನ್ನು ಮಾಡುವವರಿಗೆ ಸಿಗುವ ಮನ್ನಣೆ ಡ್ರೈವರ್ ಬರೆದವರಿಗೆ ಸಿಗುವುದಕ್ಕಿಂತ ಕಡಿಮೆ. ಕೆಲಸದ ತೂಕ ನೋಡಿದರೆ ಅದು ನ್ಯಾಯವೆನಿಸುವುದಿಲ್ಲ.

ಸ್ಕೀಮಾಗೆ ಕಾಣದ ತಪ್ಪುಗಳೂ ಇವೆ, ಅವು ಸಂಖ್ಯೆಗಳ ತಪ್ಪುಗಳು. ಎಲ್‌ಎಂ75ರ ವಿಳಾಸ, ಅದರ ಮೂರು ವಿಳಾಸ ಪಿನ್‌ಗಳನ್ನು ಹೇಗೆ ಕಟ್ಟಿದ್ದಾರೆ ಎನ್ನುವುದರ ಮೇಲೆ, ಹೆಕ್ಸ್ 48ರಿಂದ 4ಎಫ್‌ವರೆಗೆ ಯಾವುದೂ ಆಗಬಹುದು. ಕೆಲವು ಚಿಪ್‌ಗಳ ಡೇಟಾಶೀಟ್‌ಗಳು ಓದು-ಬರಹದ ಬಿಟ್ ಸೇರಿಸಿ ವಿಳಾಸವನ್ನು ಎಂಟು ಬಿಟ್‌ಗಳಲ್ಲಿ ಮುದ್ರಿಸುತ್ತವೆ. ಆಗ 48 ಇದ್ದದ್ದು 90 ಆಗಿ ಕಾಣುತ್ತದೆ. 90 ಏಳು ಬಿಟ್ಟಿಗೆ ಮೀರಿದ್ದರಿಂದ ಡಿವೈಸ್ ಟ್ರೀ ಕಂಪೈಲರ್ ಎಚ್ಚರಿಸುತ್ತದೆ. ನಿಜವಾದ ವಿಳಾಸ 28 ಇರುವ ಚಿಪ್‌ಗೆ 50 ಎಂದು ಬರೆದರೆ ಯಾರೂ ಎಚ್ಚರಿಸುವುದಿಲ್ಲ.

ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಸಂಖ್ಯೆ ಇನ್ನೂ ಹೆಚ್ಚು ಜನರನ್ನು ಕಾಡಿದೆ. ಎಆರ್‌ಎಂನ ಜಿಐಸಿ ಎಂಬ ಇಂಟರಪ್ಟ್ ನಿಯಂತ್ರಕದಲ್ಲಿ ಮೊದಲ 32 ಸಂಖ್ಯೆಗಳು ಪ್ರೊಸೆಸರ್‌ಗಳ ಖಾಸಗಿ ಬಳಕೆಗೆ, ಸಾಧನಗಳು ಹಂಚಿಕೊಳ್ಳುವ ಇಂಟರಪ್ಟ್‌ಗಳು 32ರಿಂದ ಆರಂಭ. ಡಿವೈಸ್ ಟ್ರೀಯಲ್ಲಿ ಅವನ್ನು ಸೊನ್ನೆಯಿಂದ ಎಣಿಸುತ್ತಾರೆ. ಚಿಪ್ ಕೈಪಿಡಿಯ ಕೋಷ್ಟಕ 74 ಎಂದರೆ ಬರೆಯಬೇಕಾದದ್ದು 42. ಕೋಷ್ಟಕ ಮೊದಲೇ 32 ಕಳೆದು ಮುದ್ರಿಸಿದ್ದರೆ 74 ಎಂದೇ ಬರೆಯಬೇಕು. ಕೆಲವು ಕೈಪಿಡಿಗಳು ಒಂದು ರೀತಿ, ಕೆಲವು ಇನ್ನೊಂದು ರೀತಿ. ತಪ್ಪಿದರೆ ಸಾಧನ ಪ್ರೋಬ್ ಆಗುತ್ತದೆ (ಡ್ರೈವರ್ ಅದನ್ನು ಗುರುತಿಸಿ ಹಿಡಿಯುತ್ತದೆ), ನೋಂದಣಿಯಾಗುತ್ತದೆ, ಮೊದಲ ವರ್ಗಾವಣೆಯಲ್ಲಿ ಟೈಮೌಟ್ ಆಗುತ್ತದೆ. 'ಪ್ರಾಕ್' ಒಳಗಿನ ಇಂಟರಪ್ಟ್ಸ್ ಕಡತದಲ್ಲಿ ಆ ಸಾಲಿನ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಮೊದಲು ಈ 32ನ್ನು ನೋಡಬೇಕು. ಸ್ಕೀಮಾದ ಕಣ್ಣಿಗೆ 42, 74 ಎರಡೂ ಒಪ್ಪುವ ಸಂಖ್ಯೆಗಳೇ.

ಇದನ್ನು ಹಿಡಿಯುವ ಉಪಕರಣವಿಲ್ಲ, ತಪ್ಪಿಸುವ ಅಭ್ಯಾಸವಿದೆ. ಡಿಟಿಎಸ್ ಕಡತ, ಅಂದರೆ ಡಿವೈಸ್ ಟ್ರೀಯ ಮೂಲ ಪಠ್ಯ, ಕಾಮೆಂಟ್‌ಗಳನ್ನು ಒಪ್ಪುತ್ತದೆ. ಇಂಟರಪ್ಟ್ ಸಾಲಿನ ಮೇಲೆ ಕೈಪಿಡಿಯ ಆವೃತ್ತಿ, ಕೋಷ್ಟಕದ ಸಂಖ್ಯೆ, ಅಲ್ಲಿ ಮುದ್ರಿತವಾದ ಮೂಲ ಅಂಕಿ, ಇಷ್ಟನ್ನು ಬರೆದರೆ ಒಂದು ಸಾಲು ಹೆಚ್ಚಾಗುತ್ತದೆ. ಸಪ್ಲೈ ಸಾಲಿನ ಮೇಲೆ ಸ್ಕೀಮ್ಯಾಟಿಕ್‌ನಲ್ಲಿ (ಬೋರ್ಡಿನ ವಿದ್ಯುತ್ ನಕ್ಷೆಯಲ್ಲಿ) ಆ ತಂತಿಗೆ ಇಟ್ಟ ಹೆಸರು. ವಿಮರ್ಶಕರು ಈಗೀಗ ಪ್ಯಾಚ್ ವಿವರಣೆಯಲ್ಲಿ ಇಂಥ ಮೂಲವನ್ನು ಕೇಳುತ್ತಿದ್ದಾರೆ, ಕೆಲವರು ಕೊಡುತ್ತಿದ್ದಾರೆ. ಕೈಪಿಡಿಯನ್ನೇ ಹಂಚುವಂತಿಲ್ಲ ಎಂಬ ಉತ್ತರ ಬಂದಾಗ ಮಾತು ಅಲ್ಲಿಗೆ ನಿಲ್ಲುತ್ತದೆ. ಮುಂದೆ ಆ 42ರ ಎದುರು ಕೂರುವವರು ಅದರಲ್ಲಿ 32 ಕಳೆದಿದೆಯೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ.