ಗೋಡೆ ಸಿಕ್ಕಿದ ಮೇಲೆ ರಾಜ ಸಿಕ್ಕಿದ

ಉತ್ಖನನ ನನ್ನ ಕಸುಬು ಅಂತ ಗೊತ್ತಾದರೆ ಜನ ಮೊದಲು ಕೇಳುವುದೇ "ಏನು ಸಿಕ್ತು?" ಅಂತ. ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ 2012ರಲ್ಲಿ ಸಿಕ್ಕಿದ್ದು ಮೂರನೇ ರಿಚರ್ಡ್ ರಾಜನ ಅಸ್ಥಿಪಂಜರ. ಕಾರ್ ಪಾರ್ಕಿಂಗ್ ಜಾಗದ ಕೆಳಗೆ ರಾಜ! ಪತ್ರಿಕೆಗಳಿಗೆ ಅಷ್ಟು ಸಾಕಿತ್ತು. ನಮ್ಮಂಥವರಿಗೆ ಅದಕ್ಕಿಂತ ಜಾಸ್ತಿ ರುಚಿಸುವುದು ಅವನನ್ನು ಹೂತಿದ್ದ ಮಠದ ಕಥೆ.

ಫ್ರಾನ್ಸಿಸ್ಕನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿಗಳು ಇಂಗ್ಲೆಂಡಿಗೆ ಬಂದದ್ದು 1224ರಲ್ಲಿ. ಬೂದು ನಿಲುವಂಗಿ, ಭಿಕ್ಷೆಯ ಬದುಕು. ಕಾಡಿಗೆ ಹೋಗದೆ ಊರೊಳಗೇ ಮಠ ಕಟ್ಟಿ ಜನರಿಗೆ ಬೋಧಿಸುತ್ತಿದ್ದರು. ಲೆಸ್ಟರಿನ ಗ್ರೇಫ್ರಯರ್ಸ್ ಅಂಥದ್ದೇ ಒಂದು ಮಠ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ. ಶವವನ್ನು ಊರಿಗೆ ತಂದು ಈ ಮಠದ ಚರ್ಚಿನಲ್ಲಿ ಹೂತರು. 1538ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮಠವೇ ಮುಚ್ಚಿಹೋಯಿತು.

ಮುಚ್ಚಿದ ಮಠದಲ್ಲಿ ಕಲ್ಲು, ಮರ, ಸೀಸ ಯಾವುದನ್ನೂ ಸುಮ್ನೆ ಬಿಡುವುದಿಲ್ಲ. ಅಡಿಪಾಯದ ಕಲ್ಲನ್ನೂ ಕಿತ್ತು ಒಯ್ಯುತ್ತಾರೆ. ಹಳೇ ಗುಡಿಯ ಕಲ್ಲು ಕೋಟೆ ಗೋಡೆ ಸೇರಿದ್ದನ್ನು ನಾವೂ ನೋಡಿದ್ದೇವೆ, ಅಲ್ವಾ? ಕಲ್ಲು ಕಿತ್ತ ಗುಂಡಿಗೆ ಗಾರೆ ಚೂರು, ಒಡೆದ ಹೆಂಚು, ಮಣ್ಣು ಬೀಳುತ್ತದೆ. ಐನೂರು ವರ್ಷದ ಮೇಲೆ ಅಗೆದರೆ ಗೋಡೆ ಇರುವುದಿಲ್ಲ. ಗೋಡೆ ಇದ್ದ ಕಡೆ ಬೇರೆ ಬಣ್ಣದ ಮಣ್ಣಿನ ಪಟ್ಟಿ ಇರುತ್ತದೆ. ನೆಲದ ಟೈಲ್ಸ್ ಹೋಗಿದ್ದರೂ ಅವು ಕೂತಿದ್ದ ಗಾರೆಯಲ್ಲಿ ಅಚ್ಚು ಉಳಿದಿರುತ್ತದೆ. ಲೆಸ್ಟರಿನಲ್ಲಿ ಓದಬೇಕಾಗಿದ್ದು ಇದನ್ನೇ.

ಲೆಸ್ಟರ್ ವಿಶ್ವವಿದ್ಯಾಲಯದ ತಂಡ 2012ರ ಆಗಸ್ಟ್ 25ರಂದು ಅಗೆತ ಶುರು ಮಾಡಿತು. ಮೊದಲ ದಿನವೇ ಕಾಲಿನ ಮೂಳೆ ಕಂಡಿತು. ಅವರು ಮಾಡಿದ್ದೇನು? ಮುಚ್ಚಿಟ್ಟು ಮುಂದೆ ಹೋದರು. ನನ್ನ ಪ್ರಕಾರ ಇಡೀ ಕೆಲಸದ ಜಾಣತನ ಇಲ್ಲೇ ಇದೆ. ಮಠದ ಜಾಗದಲ್ಲಿ ಮೂಳೆ ಎಲ್ಲೆಂದರಲ್ಲಿ ಸಿಗುತ್ತದೆ. ಅದು ಚರ್ಚಿನೊಳಗಿನದೋ ಹೊರಗಿನದೋ ಗೊತ್ತಾಗದೆ ಅದಕ್ಕೆ ಅರ್ಥವಿಲ್ಲ.

ಆಮೇಲೆ ಕಲ್ಲಿನ ಜಗಲಿಯ ಗುರುತು ಸಿಕ್ಕಿತು. ಸನ್ಯಾಸಿಗಳು ಕೂತು ಸಭೆ ನಡೆಸುವ ಕೋಣೆ ಅದು. ಅದರ ಪಕ್ಕದಲ್ಲಿ ಅಂಗಳದ ಸುತ್ತಿನ ಮೊಗಸಾಲೆ. ಇಂಥ ಮಠಗಳ ನಕ್ಷೆ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಚರ್ಚು ಉತ್ತರಕ್ಕೇ ಇರಬೇಕು ಅನ್ನಿಸಿತು. ಮೂರನೇ ಟ್ರೆಂಚ್, ಅಂದರೆ ಉದ್ದನೆಯ ಅಗೆತದ ಗುಂಡಿ, ತೆಗೆದಾಗ ಚರ್ಚಿನ ಪೂರ್ವಭಾಗ ಖಾತ್ರಿಯಾಯಿತು. ಅದೇ ಟ್ರೆಂಚಿನಲ್ಲಿ ಮಠದ ಹಳೇ ಟೈಲ್ಸನ್ನು ಅಡ್ಡಾದಿಡ್ಡಿ ಜೋಡಿಸಿದ ಒಂದು ಹಾಸು ಕಂಡಿತು. ಮಠ ಹೋದ ಮೇಲೆ ಅಲ್ಲಿ ಮನೆ ಕಟ್ಟಿದ ಹೆರಿಕ್ ಎಂಬ ಶ್ರೀಮಂತನ ತೋಟದ ದಾರಿ ಇದ್ದಿರಬಹುದು. ಅವನ ತೋಟದಲ್ಲಿ ರಿಚರ್ಡ್ ಹೆಸರಿನ ಕಲ್ಲುಕಂಬ ಇದ್ದದ್ದನ್ನು 1612ರಲ್ಲಿ ಕಂಡವರು ಬರೆದಿಟ್ಟಿದ್ದಾರೆ. ಆದರೂ ರಾಜನ ಮೂಳೆಯನ್ನು ಸೋರ್ ನದಿಗೆ ಎಸೆದರು ಅನ್ನುವ ಕಥೆಯೇ ಊರಲ್ಲಿ ಉಳಿಯಿತು.

ಈಗ ಮೊದಲ ದಿನದ ಆ ಕಾಲು ಚರ್ಚಿನ ಗಾಯಕವೃಂದ ನಿಲ್ಲುವ ಜಾಗದೊಳಗೇ ಬಿತ್ತು. ತೆಗೆದು ನೋಡಿದರೆ ಗುಂಡಿ ಗಿಡ್ಡ, ಬದಿಗಳು ಓರೆ, ಪೆಟ್ಟಿಗೆಯಿಲ್ಲ. ತಲೆ ಗುಂಡಿಯ ಅಂಚಿಗೆ ಒರಗಿ ಎತ್ತಿಕೊಂಡಿತ್ತು. ಬೆನ್ನುಮೂಳೆ ಹಾವಿನಂತೆ ಸೊಟ್ಟ. ಪಾದಗಳಿಲ್ಲ, ನಂತರದ ಕಾಲದ ಕಟ್ಟಡ ಕೆಲಸದಲ್ಲಿ ಹೋಗಿರಬೇಕು. ಸಾವಿನ ಹೊತ್ತಿನ ಗಾಯ 11, ಅದರಲ್ಲಿ 9 ತಲೆಬುರುಡೆಗೆ. ತಾಯಿಯ ಕಡೆಯ ವಂಶಸ್ಥರ ಡಿಎನ್‌ಎ ಜೊತೆ ತಾಳೆಯಾದ ಮೇಲೆ, ಇದು ರಿಚರ್ಡನದೇ ಅಸ್ಥಿಪಂಜರ ಅಂತ 2013ರ ಫೆಬ್ರವರಿ 4ರಂದು ಘೋಷಿಸಿದರು.

ಅದೇ ವರ್ಷ ಮತ್ತೆ ಅಗೆದಾಗ ಕಲ್ಲಿನ ಶವಪೆಟ್ಟಿಗೆಯೊಳಗೆ ಸೀಸದ ಪೆಟ್ಟಿಗೆ, ಅದರೊಳಗೆ ಒಬ್ಬ ವಯಸ್ಸಾದ ಹೆಂಗಸು ಸಿಕ್ಕಳು. ಮಠಕ್ಕೆ ದಾನ ಕೊಟ್ಟ ಮನೆಯವಳಿರಬೇಕು. ಅವಳಿಗೆ ಸಿಕ್ಕ ಮರ್ಯಾದೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ರಾಜನನ್ನು ಎಷ್ಟು ಗಡಿಬಿಡಿಯಲ್ಲಿ ಹೂತರು ಅನ್ನುವುದು ತಿಳಿಯುವುದು.

ರಿಚರ್ಡ್ 2015ರಲ್ಲಿ ಪಕ್ಕದ ಕ್ಯಾಥೆಡ್ರಲ್‌ಗೆ ಹೋದ. ಮಠದ ಬಹುಪಾಲು ಇನ್ನೂ ಪಾರ್ಕಿಂಗ್ ಮತ್ತು ಕಟ್ಟಡಗಳ ಅಡಿಯಲ್ಲೇ ಇದೆ. 2017ರಲ್ಲಿ ಅದಕ್ಕೆ ಸಂರಕ್ಷಿತ ಸ್ಮಾರಕದ ಪಟ್ಟ ಸಿಕ್ಕಿತು, ಅನುಮತಿಯಿಲ್ಲದೆ ಯಾರೂ ಗುದ್ದಲಿ ಇಡುವಂತಿಲ್ಲ. ಒಳ್ಳೆಯದೇ ಆಯಿತು. ಅಗೆದ ಜಾಗವನ್ನು ಇನ್ನೊಮ್ಮೆ ಅಗೆಯಲು ಆಗುವುದಿಲ್ಲ, ನಮಗಿಂತ ಒಳ್ಳೆಯ ಉಪಕರಣ ಮುಂದಿನವರ ಕೈಲಿರುತ್ತದೆ.