ಓದುಗರ ಪ್ರಶ್ನೆ: ಚರ್ಚಿನ ಕೆಲವು ಹಾಡು ಕನ್ನಡವೇ ಆದರೂ ಕನ್ನಡದಂತೆ ಕೇಳಿಸುವುದಿಲ್ಲ, ಯಾಕೆ?

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಈ ಪ್ರಶ್ನೆಯೂ ಬರುತ್ತದೆ. ಗೆಳೆಯರು ಕರೆದರೆಂದು ಕ್ರಿಸ್‌ಮಸ್ ಆರಾಧನೆಗೆ ಹೋಗುತ್ತೀರಿ. ಪದವೆಲ್ಲ ಕನ್ನಡ, ಆದರೂ ಅರ್ಧ ಹಾಡು ತಲೆಗೆ ಹತ್ತುವುದಿಲ್ಲ. ಮುಂದಿನ ಹಾಡಿಗೆ ತಬಲಾ ಸೇರುತ್ತದೆ, ಥಟ್ಟನೆ ಎಲ್ಲ ತಿಳಿಯುತ್ತದೆ.

ಮೊದಲನೆಯದರ ಟ್ಯೂನ್ ಹಡಗಿನಲ್ಲಿ ಬಂದದ್ದು. ಮಾತನ್ನು ಆಮೇಲೆ ಅದರ ಅಳತೆಗೆ ಹೊಲಿದರು. ತೊಡಕು ಅಲ್ಲಿದೆ.

‘ದೇವರ ಬಲ’ ಅಂತ ಹೇಳಿ ನೋಡಿ. ಈಗ ‘ಬ’ ಮೇಲೆ ಸ್ವರ ಎಳೆದು ಹಾಡಿ. ‘ದೇವರ ಬಾಲ’ ಆಯ್ತು, ಅಲ್ವಾ? ಇಂಗ್ಲಿಷಿನಲ್ಲಿ ಸ್ವರ ಎಳೆದರೂ ಪದ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಕನ್ನಡದಲ್ಲಿ ಪದವೇ ಬದಲಾಗಿಬಿಡುತ್ತದೆ. ಜೊತೆಗೆ ಎಷ್ಟೋ ಇಂಗ್ಲಿಷ್ ಸ್ತುತಿಗೀತೆಗಳು ಮೆತ್ತಗಿನ ಅಕ್ಷರದಿಂದ ಶುರುವಾಗಿ ಎರಡನೆಯದನ್ನು ಒತ್ತುತ್ತವೆ. ನಮ್ಮ ಮಾತಿನ ತೂಕವೋ ಮೊದಲ ಅಕ್ಷರದಲ್ಲೇ. ಸ್ಕೂಲಲ್ಲಿ ಲಘು, ಗುರು ಅಂತ ಪ್ರಸ್ತಾರ ಹಾಕಿಸುತ್ತಿದ್ದದ್ದು ಸುಮ್ನೆ ಅಲ್ಲ.

ಇದನ್ನು ಚೆನ್ನಾಗಿ ಹಿಡಿದವರು ಫರ್ಡಿನೆಂಡ್ ಕಿಟೆಲ್. 1894ರ ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದ ಈ ಜರ್ಮನ್ ಪಾದ್ರಿ 1862ರಲ್ಲೇ ‘ಕಥಾಮಾಲೆ’ ಬರೆದರು. ಯೇಸುವಿನ ಕಥೆ, ಅದೂ ನಮ್ಮ ಛಂದಸ್ಸಿನಲ್ಲಿ. 1875ರಲ್ಲಿ ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅವರ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಕೇಳುವವರ ಕಿವಿ ಹೇಗಿದೆ ಎಂದು ಮೊದಲು ಕಲಿತರು.

ನನ್ನ ಪ್ರಕಾರ ಈ ಕೆಲಸ ಮಿಷನರಿಗಳಿಗಿಂತ ಇಲ್ಲೇ ಹುಟ್ಟಿ ಬೆಳೆದ ಕ್ರೈಸ್ತ ಕವಿಗಳಿಗೆ ಜಾಸ್ತಿ ಒಲಿಯಿತು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ ಯೇಸು ಹುಟ್ಟಿದ ಬೆತ್ಲೆಹೇಮಿನ ಕಥೆಯನ್ನು ತಮಿಳು ಕುರವಂಜಿ ನಾಟಕವನ್ನಾಗಿಸಿದರು. ಕುರತಿ ಬಂದು ಕಣಿ ಹೇಳುವ ಆ ಆಟ ಅಲ್ಲಿನ ಜನಕ್ಕೆ ಮೊದಲೇ ಗೊತ್ತಿತ್ತು.

ಹಾಗಾದರೆ ಹಡಗಿನ ಟ್ಯೂನ್ ಯಾಕೆ ಉಳಿಯಿತು? ಹೊಸದಾಗಿ ಚರ್ಚಿಗೆ ಬಂದ ಕೆಲವರಿಗೆ ರಾಗ, ತಾಳ ಎಂದರೆ ಬಿಟ್ಟುಬಂದ ಗುಡಿಯ ನೆನಪು. ಅವರಿಗೆ ಬೇರೆ ಥರದ್ದೇ ಬೇಕಿತ್ತು. ಮೂರು ತಲೆಮಾರು ಹಾಡಿದ ಮೇಲೆ ಅದೂ ಅಜ್ಜಿಯ ಹಾಡೇ ತಾನೇ.

ಹೆಚ್ಚಿನ ಕ್ಯಾಥೊಲಿಕರಲ್ಲಿ 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯವರೆಗೂ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಅದಾದ ಮೇಲೆ ಬೆಂಗಳೂರಿನಲ್ಲೇ 1967ರಲ್ಲಿ ಬೈಬಲ್, ಧರ್ಮಬೋಧೆ, ಆರಾಧನೆಗಾಗಿ ಕ್ಯಾಥೊಲಿಕರ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಶುರುವಾಯಿತು. ಭಜನೆ, ಆರತಿ, ನೆಲದ ಮೇಲೆ ಕೂತು ಪೂಜೆ, ಎಲ್ಲ ಪ್ರಯೋಗವೂ ನಡೆಯಿತು. ಮುನಿಸಿಕೊಂಡವರೂ ಇದ್ದರು.

ಕ್ರಿಸ್‌ಮಸ್ ನಾಟಕದ ದಾರಿ ಇಷ್ಟು ಕಷ್ಟದ್ದಲ್ಲ. ಟ್ಯೂನಿಗೆ ಸಿಕ್ಕಿಹಾಕಿಕೊಳ್ಳದ ಮಾತು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಮೇರಿ, ಜೋಸೆಫ್ ಬಾಗಿಲು ತಟ್ಟುತ್ತಾರೆ, ‘ಛತ್ರದಲ್ಲಿ ಜಾಗ ಇಲ್ಲ’ ಎಂದು ಒಳಗಿನವನು ಗದರುತ್ತಾನೆ. ಮದುವೆ ಸೀಸನ್ನಿನಲ್ಲಿ ಛತ್ರಕ್ಕೆ ಅಲೆದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಷ್ಟರಲ್ಲಿ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡ ನಾಲ್ಕು ಹುಡುಗರು ಕೋಲು ಹಿಡಿದು ಬರುತ್ತಾರೆ. ಕುರಿ ಕಾಯುವವರು ಅಂತ ಯಾರೂ ಹೇಳಬೇಕಾಗಿಲ್ಲ.